ಸಾಮಾನು ಸರಿಯಾಗಿ ವಾಪಸ್ ತಂದುಕೊಡು!

ಮಕ್ಕಳೇ, ತಾತನ ಟಾರ್ಚನ್ನೋ ಅಜ್ಜಿಯ ಕತ್ತರಿಯನ್ನೋ ಕೇಳಿ ತೆಗೆದುಕೊಂಡು ಹೋಗಿ, ಕೆಡಿಸಿ ವಾಪಸ್ ಕೊಟ್ಟಿದ್ದೀರಾ? ಆಗ ಅವರ ಮುಖ ಹೇಗಾಯಿತು? ಹುಬ್ಬು ಗಂಟಿಕ್ಕುತ್ತದೆ, ನಾಲ್ಕು ಮಾತು ಬೈಗುಳವೂ ಬೀಳುತ್ತದೆ. ಆದರೆ ಮಾರನೆಯ ದಿನ ಕೇಳಿದರೆ ಮತ್ತೆ ಕೊಡುತ್ತಾರೆ! ಅದೇ ಸಿಡುಕು, ಅದೇ ಅಕ್ಕರೆಯನ್ನು 36 ವರ್ಷ ತೆರೆಯ ಮೇಲೆ ತೋರಿಸಿ ಜಗತ್ತಿನ ಪ್ರೀತಿ ಗಳಿಸಿದ ನಟರೊಬ್ಬರ ಕಥೆ ಈ ವಾರ. ಅವರ ಹೆಸರು ಡೆಸ್ಮಂಡ್ ಲೆವೆಲಿನ್.

ಇಂಗ್ಲೆಂಡಿನ ಪಶ್ಚಿಮಕ್ಕೆ ವೇಲ್ಸ್ ಎಂಬ ಪುಟ್ಟ ನಾಡಿದೆ. ಗುಡ್ಡಗಳಿಗೆ, ಕಲ್ಲಿದ್ದಲ ಗಣಿಗಳಿಗೆ, ಹಾಡುಗಾರಿಕೆಗೆ ಹೆಸರಾದ ನಾಡು. ಅದಕ್ಕೆ ತನ್ನದೇ ಆದ ಭಾಷೆಯೂ ಇದೆ. ಅಲ್ಲಿನ ನ್ಯೂಪೋರ್ಟ್ ಊರಿನಲ್ಲಿ 1914ರ ಸೆಪ್ಟೆಂಬರ್ 12ರಂದು ಲೆವೆಲಿನ್ ಹುಟ್ಟಿದರು. ತಂದೆ ಕಲ್ಲಿದ್ದಲ ಗಣಿಯ ಎಂಜಿನಿಯರ್. ಮಗನಿಗೆ ಮಾತ್ರ ನಾಟಕದ ಹುಚ್ಚು. ಲಂಡನ್ನಿನ ಹೆಸರಾಂತ ನಾಟಕ ಶಾಲೆಯಲ್ಲಿ ಕಲಿತು ರಂಗಭೂಮಿಗೆ ಇಳಿದರು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂತು. ಲೆವೆಲಿನ್ ಸೈನ್ಯ ಸೇರಿದರು. 1940ರಲ್ಲಿ ಫ್ರಾನ್ಸ್‌ನಲ್ಲಿ ಜರ್ಮನ್ ಪಡೆಗಳ ಕೈಗೆ ಸಿಕ್ಕಿಬಿದ್ದರು. ಮುಂದಿನ ಐದು ವರ್ಷ ಯುದ್ಧಕೈದಿಯಾಗಿ ಸೆರೆವಾಸ. ನಟನೊಬ್ಬ ಹೆಸರು ಮಾಡಬೇಕಾದ ವಯಸ್ಸೆಲ್ಲ ಬೇಲಿಯೊಳಗೆ ಕಳೆದುಹೋಯಿತು. ಬಿಡುಗಡೆಯಾದಾಗ ಅವರಿಗೆ ಮೂವತ್ತು ವರ್ಷ. ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು.

ಸಿಕ್ಕಿದ್ದೆಲ್ಲ ಸಣ್ಣ ಸಣ್ಣ ಪಾತ್ರಗಳೇ. 1950ರಲ್ಲಿ ಟೆರೆನ್ಸ್ ಯಂಗ್ ಎಂಬ ನಿರ್ದೇಶಕರ ಯುದ್ಧಚಿತ್ರವೊಂದರಲ್ಲಿ ವೇಲ್ಸ್‌ನ ಸೈನಿಕನಾಗಿ ನಟಿಸಿದರು. ಹದಿಮೂರು ವರ್ಷದ ಬಳಿಕ ಅದೇ ನಿರ್ದೇಶಕರು ಅವರನ್ನು ಮತ್ತೆ ಕರೆದರು. 'ಫ್ರಮ್ ರಷ್ಯಾ ವಿತ್ ಲವ್' ಎಂಬ ಜೇಮ್ಸ್ ಬಾಂಡ್ ಚಿತ್ರಕ್ಕೆ. ಹಿಂದಿನ ಚಿತ್ರದಲ್ಲಿ ಆ ಪಾತ್ರ ಮಾಡಿದ್ದ ನಟರು ಬರುವಂತಿರಲಿಲ್ಲ. ಹಾಗಾಗಿ ಅವಕಾಶ ಇವರ ಪಾಲಿಗೆ ಬಂತು. ಆಗ ಅವರ ವಯಸ್ಸು 48.

ಜೇಮ್ಸ್ ಬಾಂಡ್ ಗೂಢಚಾರ ಎಂದು ತಾತ-ಅಜ್ಜಿಯರಿಗೆ ಗೊತ್ತು. ಆ ಗೂಢಚಾರನಿಗೆ ಬೇಕಾದ ಸಲಕರಣೆಗಳನ್ನು ತಯಾರಿಸಿ ಕೊಡುವವರು 'ಕ್ಯೂ'. ಸೈನ್ಯದಲ್ಲಿ ಉಗ್ರಾಣ ನೋಡಿಕೊಳ್ಳುವ ಅಧಿಕಾರಿಗೆ ಕ್ವಾರ್ಟರ್‌ಮಾಸ್ಟರ್ ಎನ್ನುತ್ತಾರೆ. ಆ ಪದದ ಮೊದಲ ಅಕ್ಷರವೇ ಈ ಕ್ಯೂ. ಮೊದಲ ಚಿತ್ರದಲ್ಲಿ ಅವರು ಕೊಟ್ಟದ್ದು ಒಂದು ಕರಿ ಪೆಟ್ಟಿಗೆ. ನೋಡಲು ಆಫೀಸಿಗೆ ಒಯ್ಯುವ ಪೆಟ್ಟಿಗೆಯಂತೆಯೇ ಇತ್ತು. ಒಳಗೆ ಮಾತ್ರ ಗುಟ್ಟಾಗಿ ಬಚ್ಚಿಟ್ಟ ಐವತ್ತು ಚಿನ್ನದ ನಾಣ್ಯಗಳು, ಒಂದು ಚಾಕು, ಇನ್ನೂ ಏನೇನೋ!

1964ರ 'ಗೋಲ್ಡ್‌ಫಿಂಗರ್' ಚಿತ್ರದ ವೇಳೆಗೆ ನಿರ್ದೇಶಕರು ಬದಲಾಗಿದ್ದರು. ಬಾಂಡ್ ಕೋಣೆಯೊಳಗೆ ಬರುವ ದೃಶ್ಯ. ಲೆವೆಲಿನ್ ಗೌರವದಿಂದ ಎದ್ದು ನಿಂತರು. ನಿರ್ದೇಶಕ ಗೈ ಹ್ಯಾಮಿಲ್ಟನ್ ತಡೆದರು. ಏಳಬೇಡಿ, ನಿಮಗೆ ಈ ಮನುಷ್ಯನನ್ನು ಕಂಡರೆ ಆಗುವುದಿಲ್ಲ ಎಂದರು. ಬಾಂಡ್ ಎಂದರೆ ಎಲ್ಲರಿಗೂ ಮೆಚ್ಚುಗೆಯಲ್ಲವೇ ಎಂದು ಲೆವೆಲಿನ್ ಅಚ್ಚರಿಪಟ್ಟರು. ನೀವು ಕಷ್ಟಪಟ್ಟು ಮಾಡಿದ ಸಾಮಾನಿಗೆ ಅವನು ಬೆಲೆ ಕೊಡುವುದಿಲ್ಲವಲ್ಲ, ಅದಕ್ಕೇ ಸಿಟ್ಟು ಎಂದು ಹ್ಯಾಮಿಲ್ಟನ್ ವಿವರಿಸಿದರು.

ಪಾತ್ರಕ್ಕೆ ಜೀವ ಬಂದದ್ದು ಆಗ. ಅದುವರೆಗೆ ಕ್ಯೂ ಸಾಮಾನು ಕೊಡುವ ಗುಮಾಸ್ತರಂತಿದ್ದರು. ಈಗ ತನ್ನ ಕೆಲಸದ ಮೇಲೆ ಅಭಿಮಾನವಿರುವ ಕುಶಲಕರ್ಮಿಯಾದರು. ಸೀಟಿನಿಂದಲೇ ಮನುಷ್ಯನನ್ನು ಮೇಲಕ್ಕೆ ಚಿಮ್ಮಿಸುವ ಕಾರನ್ನು ಅವರು ಮುಖ ಬಿಗಿದುಕೊಂಡು ಒಪ್ಪಿಸುತ್ತಾರೆ. ಅದು ಇದ್ದ ಹಾಗೆಯೇ ವಾಪಸ್ ಬರುವುದಿಲ್ಲವೆಂದು ಅವರಿಗೂ ಗೊತ್ತು, ನೋಡುವ ನಮಗೂ ಗೊತ್ತು. ನಗು ಬರುವುದೇ ಅಲ್ಲಿ.

ತಮಾಷೆ ಏನೆಂದರೆ, ನಿಜಜೀವನದಲ್ಲಿ ಲೆವೆಲಿನ್‌ರಿಗೆ ಯಂತ್ರಗಳೆಂದರೆ ತಲೆನೋವು! ಯಾವ ಉಪಕರಣವೂ ತಮ್ಮ ಕೈಯಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

1968ರಲ್ಲಿ ಬಂದ ಮಕ್ಕಳ ಚಿತ್ರ 'ಚಿಟ್ಟಿ ಚಿಟ್ಟಿ ಬ್ಯಾಂಗ್ ಬ್ಯಾಂಗ್' ನೋಡಿದ್ದೀರಾ? ಮುಂದೆ ಆಕಾಶದಲ್ಲಿ ಹಾರುವ ಆ ಹಳೆಯ ಕಾರು ಮೊದಲು ಬಿದ್ದಿದ್ದದ್ದು ಒಂದು ಗುಜರಿಯಲ್ಲಿ. ಆ ಗುಜರಿಯ ಯಜಮಾನ ನಮ್ಮ ಲೆವೆಲಿನ್‌ರೇ. 1983ರ 'ಆಕ್ಟೋಪಸಿ' ಚಿತ್ರದ ಕಥೆಯ ಒಂದು ಭಾಗ ನಡೆಯುವುದು ನಮ್ಮ ಉದಯಪುರದಲ್ಲಿ. ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ಕೂಡ ಅದರಲ್ಲಿದ್ದಾರೆ. ಕೊನೆಗೆ ಕ್ಯೂ ದೊಡ್ಡ ಬಲೂನಿನಲ್ಲಿ ಹಾರಿ ಬರುತ್ತಾರೆ!

1973ರಲ್ಲಿ ಒಂದು ಬಾಂಡ್ ಚಿತ್ರ ಕ್ಯೂ ಇಲ್ಲದೆ ಬಂತು. ಮರುವರ್ಷವೇ ಅವರನ್ನು ವಾಪಸ್ ಕರೆತರಲಾಯಿತು. ಬಾಂಡ್ ಪಾತ್ರಧಾರಿಗಳು ಒಬ್ಬರ ಹಿಂದೆ ಒಬ್ಬರಂತೆ ಐದು ಮಂದಿ ಬದಲಾದರು. ಕ್ಯೂ ಮಾತ್ರ ಅವರೇ. ಒಟ್ಟು 17 ಚಿತ್ರಗಳು. ಯಾವ ನಾಯಕನೂ ಅಷ್ಟು ಬಾಂಡ್ ಚಿತ್ರಗಳಲ್ಲಿ ನಟಿಸಿಲ್ಲ. ಹೆಚ್ಚಿನ ಚಿತ್ರಗಳಲ್ಲಿ ಅವರು ಕಾಣಿಸಿಕೊಂಡದ್ದು ಕೆಲವೇ ನಿಮಿಷ. ಆದರೂ ಆ ನಿಮಿಷಗಳಿಗಾಗಿ ಜನ ಕಾಯುತ್ತಿದ್ದರು.

1999ರ 'ದಿ ವರ್ಲ್ಡ್ ಈಸ್ ನಾಟ್ ಇನಫ್' ಅವರ ಕೊನೆಯ ಬಾಂಡ್ ಚಿತ್ರ. ಅದರಲ್ಲಿ ಕ್ಯೂ ತಮ್ಮ ಜಾಗಕ್ಕೆ ಬರುವವನನ್ನು ತೋರಿಸಿ, ಬಾಂಡ್‌ಗೆ ಎರಡು ಬುದ್ಧಿಮಾತು ಹೇಳಿ, ನೆಲದೊಳಕ್ಕೆ ಮೆಲ್ಲಗೆ ಇಳಿದು ಮರೆಯಾಗುತ್ತಾರೆ. ಚಿತ್ರ ತೆರೆಕಂಡ ಕೆಲವೇ ವಾರಗಳಲ್ಲಿ, ಡಿಸೆಂಬರ್ 19ರಂದು, ಕಾರು ಅಪಘಾತದಲ್ಲಿ ಲೆವೆಲಿನ್ ತೀರಿಕೊಂಡರು. ಅವರಿಗೆ 85 ವರ್ಷವಾಗಿತ್ತು. ಚಿತ್ರ ನೋಡಿದವರಿಗೆ ಆ ದೃಶ್ಯವೇ ಅವರ ವಿದಾಯವಾಗಿ ಉಳಿಯಿತು.

ಇಂಥ ನಟರನ್ನು ಕನ್ನಡದಲ್ಲಿ ಪೋಷಕ ನಟ ಎನ್ನುತ್ತೇವೆ. ಪೋಷಿಸುವುದು ಎಂದರೆ ಸಾಕಿ ಸಲಹುವುದು. ಎಷ್ಟು ಸರಿಯಾದ ಮಾತು! ನಾಯಕ ಓಡುತ್ತಾನೆ, ಹಾರುತ್ತಾನೆ. ಅವನ ಕೈಗೆ ಬೇಕಾದ್ದನ್ನು ಕೊಟ್ಟು ಕಳಿಸುವವರು ಹಿಂದೆ ಇರುತ್ತಾರೆ.

ಈ ವಾರದ ಕೆಲಸ: ತಾತ-ಅಜ್ಜಿಯ ಜೊತೆ ಕುಳಿತು ಒಂದು ಹಳೆಯ ಚಿತ್ರ ನೋಡಿ. ನಾಯಕ-ನಾಯಕಿಯರನ್ನು ಬಿಟ್ಟು, ನಿಮಗೆ ಇಷ್ಟವಾದ ಒಬ್ಬ ಸಣ್ಣ ಪಾತ್ರಧಾರಿಯನ್ನು ಆರಿಸಿ, ಅವರ ಹೆಸರು ಕೇಳಿ ಬರೆದಿಡಿ. ಹಾಂ, ಬರೆಯಲು ತಾತನ ಪೆನ್ನು ತೆಗೆದುಕೊಂಡರೆ ಸರಿಯಾಗಿ ವಾಪಸ್ ಕೊಡಿ!