ಆಟ ಮನೆಯಲ್ಲಿ, ಬೀಗದ ಕೈ ಸರ್ವರ್‌ನಲ್ಲಿ

1989ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ‘ಫೈನಲ್ ಫೈಟ್’ ಎಂಬ ಹೊಡೆದಾಟದ ಆಟವನ್ನು ಆರ್ಕೇಡ್‌ಗಳಿಗೆ, ಅಂದರೆ ನಾಣ್ಯ ಹಾಕಿ ಆಡುವ ಯಂತ್ರಗಳ ಅಂಗಡಿಗಳಿಗೆ, ತಂದಿತು. ಮೆಟ್ರೋ ಸಿಟಿ ಎಂಬ ಊರಿನ ಮೇಯರ್ ಮೈಕ್ ಹ್ಯಾಗರ್ ಹಿಂದೆ ಕುಸ್ತಿಪಟುವಾಗಿದ್ದವನು. ಅವನ ಮಗಳನ್ನು ಗೂಂಡಾಗಳು ಎತ್ತಿಕೊಂಡು ಹೋಗುತ್ತಾರೆ. ಮೇಯರ್ ಸಾಹೇಬರು ಅಂಗಿ ಬಿಚ್ಚಿ ಬೀದಿಗಿಳಿದು ಎದುರು ಸಿಕ್ಕವರನ್ನೆಲ್ಲ ಚಚ್ಚುತ್ತಾ ಮುಂದೆ ಹೋಗುತ್ತಾರೆ. ಕತೆ ಅಷ್ಟೇ, ಆದರೆ ಆಟ ಸೊಗಸಾಗಿತ್ತು. 21 ವರ್ಷಗಳ ನಂತರ, 2010ರ ಏಪ್ರಿಲ್‌ನಲ್ಲಿ, ಕ್ಯಾಪ್‌ಕಾಮ್ ಅದನ್ನೇ ಇನ್ನೊಂದು ಹಳೆಯ ಆಟದ ಜೊತೆ ಸೇರಿಸಿ ‘ಫೈನಲ್ ಫೈಟ್: ಡಬಲ್ ಇಂಪ್ಯಾಕ್ಟ್’ ಎಂಬ ಹೆಸರಿನಲ್ಲಿ ಮನೆಯ ಕನ್ಸೋಲ್‌ಗಳಿಗೆ, ಅಂದರೆ ಟಿವಿಗೆ ಜೋಡಿಸಿ ಆಡುವ ಯಂತ್ರಗಳಿಗೆ, ಬಿಡುಗಡೆ ಮಾಡಿತು. ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳುವ ಆಟ, ಬೆಲೆ ಸುಮಾರು 10 ಡಾಲರ್.

ಸೋನಿಯ ಪ್ಲೇಸ್ಟೇಷನ್ 3ರಲ್ಲಿ ಅದನ್ನು ಕೊಂಡವರಿಗೆ ಒಂದು ವಿಚಿತ್ರ ಎದುರಾಯಿತು. ಆಟ ತೆರೆಯುವಾಗಲೆಲ್ಲ ಕನ್ಸೋಲ್ ಸೋನಿಯ ಜಾಲಕ್ಕೆ, ಅಂದರೆ ಪ್ಲೇಸ್ಟೇಷನ್ ನೆಟ್‌ವರ್ಕ್‌ಗೆ, ಸಂಪರ್ಕದಲ್ಲಿರಬೇಕು. ಒಬ್ಬರೇ ಕೂತು ಆಡುವುದಿದ್ದರೂ ಅಷ್ಟೇ. ನೆಟ್ ಇಲ್ಲದಿದ್ದರೆ ಆಟ ತೆರೆಯುವುದೇ ಇಲ್ಲ. ಈ ಷರತ್ತನ್ನು ಕೊಳ್ಳುವ ಮೊದಲು ಸ್ಪಷ್ಟವಾಗಿ ಹೇಳಿರಲಿಲ್ಲ, ಅದು ತಪ್ಪೆಂದು ಕ್ಯಾಪ್‌ಕಾಮ್ ಆಮೇಲೆ ಒಪ್ಪಿಕೊಂಡಿತು. ಅದೇ ಆಟದ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ 360 ಆವೃತ್ತಿಗೆ ಇಂಥ ಕಟ್ಟುಪಾಡು ಇರಲಿಲ್ಲ.

ಒಂದೇ ಆಟಕ್ಕೆ ಎರಡು ನೀತಿ ಏಕೆ? ಆಗಿನ ಸೋನಿಯ ನಿಯಮದ ಪ್ರಕಾರ ಒಂದು ಖಾತೆಯಲ್ಲಿ ಕೊಂಡ ಆಟವನ್ನು ಐದು ಕನ್ಸೋಲ್‌ಗಳಿಗೆ ಇಳಿಸಿಕೊಳ್ಳಬಹುದಿತ್ತು. ಮನೆಯಲ್ಲಿ ಒಂದಕ್ಕಿಂತ ಹೆಚ್ಚು ಕನ್ಸೋಲ್ ಇದ್ದವರ ಅನುಕೂಲಕ್ಕೆಂದು ಮಾಡಿದ ನಿಯಮವದು. ಗೇಮರ್‌ಗಳು ಅದಕ್ಕೆ ತಮ್ಮದೇ ಅರ್ಥ ಕೊಟ್ಟುಕೊಂಡರು. ಐವರು ಗೆಳೆಯರು ಸೇರಿ ತಲಾ ಎರಡು ಡಾಲರ್ ಹಾಕಿದರೆ ಐದೂ ಮನೆಗಳಲ್ಲಿ ಆಟ ಓಡುತ್ತಿತ್ತು. ಇದನ್ನು ‘ಗೇಮ್ ಶೇರಿಂಗ್’ ಎನ್ನುತ್ತಿದ್ದರು. ತಯಾರಕರ ಲೆಕ್ಕದಲ್ಲಿ ಐದು ಪ್ರತಿಗೆ ಬದಲು ಒಂದೇ ಪ್ರತಿ ಮಾರಾಟವಾದಂತೆ. ಪ್ರತಿ ಸಲವೂ ಖಾತೆಯ ಗುರುತು ಕೇಳುವ ಷರತ್ತು ಈ ಹಂಚಿಕೆಗೆ ಹಾಕಿದ ತಡೆ. 2011ರ ನವೆಂಬರ್‌ನಲ್ಲಿ ಸೋನಿ ತಾನೇ ಐದರ ಮಿತಿಯನ್ನು ಎರಡಕ್ಕೆ ಇಳಿಸಿತು.

ಇಂಥ ತಡೆಗಳಿಗೆ ಒಟ್ಟಾಗಿ ಡಿಆರ್‌ಎಂ ಎನ್ನುತ್ತಾರೆ. ಸರಳವಾಗಿ ಹೇಳುವುದಾದರೆ ಡಿಜಿಟಲ್ ಬೀಗ. ಇದರ ಅಗತ್ಯ ಹುಟ್ಟುವುದು ಡಿಜಿಟಲ್ ವಸ್ತುವಿನ ಸ್ವಭಾವದಿಂದಲೇ. ಹಾಡಿನ ಕ್ಯಾಸೆಟ್ಟನ್ನು ಇನ್ನೊಂದಕ್ಕೆ ಇಳಿಸಿದರೆ ದನಿ ಸ್ವಲ್ಪ ಮಂಕಾಗುತ್ತಿತ್ತು, ಅದರಿಂದ ಮತ್ತೊಂದಕ್ಕೆ ಇಳಿಸಿದರೆ ಇನ್ನೂ ಮಂಕು. ಡಿಜಿಟಲ್ ಕಡತದ ನೂರನೆಯ ಪ್ರತಿಯೂ ಮೊದಲನೆಯದರಷ್ಟೇ ಶುದ್ಧ. ಪ್ರತಿ ಮಾಡುವ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಪ್ರತಿ ಮಾಡುವುದನ್ನಲ್ಲದಿದ್ದರೂ ಪ್ರತಿಯನ್ನು ಓಡಿಸುವುದನ್ನಾದರೂ ತಡೆಯಬೇಕೆಂದು ಕಂಪನಿಗಳು ನೋಡುತ್ತವೆ. ಮುಖ್ಯ ಪ್ರಶ್ನೆ ಬೀಗ ಇದೆಯೇ ಇಲ್ಲವೇ ಎಂಬುದಲ್ಲ, ಅದನ್ನು ತೆರೆಯುವ ಕೈ ಎಲ್ಲಿದೆ ಎಂಬುದು.

ಕನ್ಸೋಲ್‌ಗಳಲ್ಲಿ ಅದು ಬಹುಕಾಲ ಯಂತ್ರದೊಳಗೇ ಇತ್ತು. 1985ರಲ್ಲಿ ಅಮೆರಿಕಕ್ಕೆ ಬಂದ ನಿಂಟೆಂಡೊ ಯಂತ್ರದಲ್ಲಿ ಒಂದು ಪುಟ್ಟ ಚಿಪ್ ಇತ್ತು, ಆಟದ ಕಾರ್ಟ್ರಿಡ್ಜ್‌ನಲ್ಲಿ ಅದರ ಜೋಡಿ. ಎರಡೂ ಒಂದೇ ತಾಳದಲ್ಲಿ ಸಂಕೇತ ವಿನಿಮಯ ಮಾಡಿಕೊಳ್ಳದಿದ್ದರೆ ಯಂತ್ರ ಮತ್ತೆ ಮತ್ತೆ ಹೊಸದಾಗಿ ಶುರುವಾಗುತ್ತಿತ್ತು, ಆಟ ನಡೆಯುತ್ತಿರಲಿಲ್ಲ. 1994ರ ಪ್ಲೇಸ್ಟೇಷನ್‌ನಲ್ಲಿ ಉಪಾಯ ಇನ್ನೂ ಜಾಣತನದ್ದು. ಅಸಲಿ ಸಿಡಿಯ ಸುರುಳಿಗೆರೆಯಲ್ಲೇ ಬೇಕೆಂದು ಮಾಡಿದ ಒಂದು ಸಣ್ಣ ಅಲುಗಾಟವಿತ್ತು, ಅದರಲ್ಲಿ ಗುರುತಿನ ಅಕ್ಷರಗಳು ಅಡಗಿದ್ದವು. ಮನೆಯ ಸಿಡಿ ರೈಟರ್ ಆಟದ ಮಾಹಿತಿಯನ್ನು ನಕಲು ಮಾಡಬಲ್ಲುದು, ಈ ಅಲುಗಾಟವನ್ನು ಮಾಡಲಾರದು. ಇದನ್ನು ಮೀರಲು ಬಂದದ್ದು ‘ಮಾಡ್‌ಚಿಪ್’: ಗುರುತು ಸಿಕ್ಕಿತೆಂದು ಯಂತ್ರಕ್ಕೆ ಸುಳ್ಳು ಹೇಳುವ ಚಿಪ್. ಭಾರತದಲ್ಲಿ ಪ್ಲೇಸ್ಟೇಷನ್ 2ರ ಕಾಲದಲ್ಲಿ ಚಿಪ್ ಹಾಕಿಸಿದ ಯಂತ್ರ ಎಷ್ಟು ಸಾಮಾನ್ಯವಾಗಿತ್ತೆಂಬುದು ಆಗ ಆಡುತ್ತಿದ್ದವರಿಗೆ ನೆನಪಿರುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ದುಡ್ಡು ಕೊಟ್ಟು ಅಸಲಿ ಡಿಸ್ಕ್ ತಂದವನಿಗೆ ಈ ಬೀಗಗಳು ಕಣ್ಣಿಗೇ ಬೀಳುತ್ತಿರಲಿಲ್ಲ. ಡಿಸ್ಕೇ ಬೀಗದ ಕೈ. ಅದನ್ನು ಗೆಳೆಯನಿಗೆ ಕೊಟ್ಟರೆ ಅವನು ಆಡಬಹುದು, ಮಾರಿದರೆ ಕೊಂಡವನು ಆಡಬಹುದು, ಕಂಪನಿ ಮುಚ್ಚಿಹೋದರೂ ಡಿಸ್ಕ್ ಓಡುತ್ತದೆ. ಕಂಪ್ಯೂಟರಿನಲ್ಲಿ ಆಡುವವರಿಗೆ ಈ ಸುಖ ಇರಲಿಲ್ಲ. ಕಂಪ್ಯೂಟರ್ ಯಾರ ಕೈಯಲ್ಲೂ ಇರುವ ತೆರೆದ ಯಂತ್ರ, ಅದರೊಳಗೆ ಬೀಗ ಕೂರಿಸುವುದು ಕಷ್ಟ. ಹಾಗಾಗಿ ಬೀಗದ ಕೈಯನ್ನು ದೂರದ ಸರ್ವರ್‌ಗೆ ಸಾಗಿಸುವ ಪ್ರಯೋಗ ಅಲ್ಲಿ ಬಲವಾಗಿ ಬೆಳೆಯಿತು. ಸರ್ವರ್ ಎಂದರೆ ಕಂಪನಿಯ ಬಳಿ ಇದ್ದು ನಮ್ಮ ಯಂತ್ರದ ಕೋರಿಕೆಗೆ ಉತ್ತರ ಕೊಡುವ ಕಂಪ್ಯೂಟರ್.

ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿಯ ‘ಅಸ್ಯಾಸಿನ್ಸ್ ಕ್ರೀಡ್ 2’ ಇದಕ್ಕೆ ಒಳ್ಳೆಯ ಉದಾಹರಣೆ. 2009ರ ನವೆಂಬರ್‌ನಲ್ಲಿ ಕನ್ಸೋಲ್‌ಗಳಿಗೆ ಬಂದಾಗ ಅದು ಮಾಮೂಲಿ ಡಿಸ್ಕ್ ಆಟ. 2010ರ ಮಾರ್ಚ್‌ನಲ್ಲಿ ಕಂಪ್ಯೂಟರಿಗೆ ಬಂದಾಗ, ಆಡುವಷ್ಟು ಹೊತ್ತೂ ಯೂಬಿಸಾಫ್ಟ್ ಸರ್ವರ್‌ನ ಸಂಪರ್ಕ ಇರಬೇಕೆಂಬ ನಿಯಮ ಸೇರಿಕೊಂಡಿತ್ತು. ಅದು ಹದಿನೈದನೆಯ ಶತಮಾನದ ಇಟಲಿಯಲ್ಲಿ ಒಬ್ಬನೇ ಛಾವಣಿಯಿಂದ ಛಾವಣಿಗೆ ಹಾರುವ ಆಟ, ನೆಟ್‌ನ ಕೆಲಸ ಅದರಲ್ಲಿ ಏನೂ ಇಲ್ಲ. ಬಿಡುಗಡೆಯಾದ ವಾರದಲ್ಲೇ ಸರ್ವರ್‌ಗಳ ಮೇಲೆ ದಾಳಿ ನಡೆದು, ದುಡ್ಡು ಕೊಟ್ಟ ಕೆಲವರು ಆಟದ ಹೊರಗೆ ಉಳಿದರು. ಒಂದೆರಡು ತಿಂಗಳೊಳಗೆ ಬೀಗ ಮುರಿದ ‘ಕ್ರ್ಯಾಕ್’ ಪ್ರತಿಯೂ ಹೊರಬಂತು. ಕದ್ದವನ ಆಟ ನೆಟ್ ಹೋದರೂ ನಿಲ್ಲುತ್ತಿರಲಿಲ್ಲ, ಕೊಂಡವನದು ನಿಲ್ಲುತ್ತಿತ್ತು. ಗೇಮರ್‌ಗಳ ಸಿಟ್ಟಿನ ಬೇರು ಇದೇ. ಮುಂದೆ ಯೂಬಿಸಾಫ್ಟ್ ಈ ನಿಯಮವನ್ನು ಸಡಿಲಿಸಿತು, 2012ರಲ್ಲಿ ಅದನ್ನು ಕೈಬಿಟ್ಟಿರುವುದಾಗಿ ಬಹಿರಂಗವಾಗಿ ಹೇಳಿತು.

ಮತ್ತೆ ಪ್ಲೇಸ್ಟೇಷನ್ 3ಕ್ಕೆ ಬರೋಣ. ಅದರ ಬೀಗ ಸುಮಾರು ನಾಲ್ಕು ವರ್ಷ ಗಟ್ಟಿಯಾಗಿ ನಿಂತಿತ್ತು. ಸೋನಿ ಒಪ್ಪಿದ ತಂತ್ರಾಂಶಗಳಿಗೆಲ್ಲ ಒಂದು ಗಣಿತದ ಸಹಿ ಇರುತ್ತಿತ್ತು, ಸಹಿ ಹಾಕುವ ರಹಸ್ಯ ಸಂಖ್ಯೆ ಸೋನಿಯ ಬಳಿ ಮಾತ್ರ. ಈ ಬಗೆಯ ಸಹಿಯಲ್ಲಿ ಪ್ರತಿ ಸಲವೂ ಒಂದು ಹೊಸ ಯಾದೃಚ್ಛಿಕ ಸಂಖ್ಯೆ, ಅಂದರೆ ಯಾರೂ ಊಹಿಸಲಾಗದ ಸಂಖ್ಯೆ, ಬಳಸಲೇಬೇಕು. ಸೋನಿ ಪ್ರತಿ ಸಲವೂ ಒಂದೇ ಸಂಖ್ಯೆ ಬಳಸಿತ್ತು! ಹಾಗಿದ್ದಾಗ ಎರಡು ಸಹಿಗಳನ್ನು ಪಕ್ಕಪಕ್ಕ ಇಟ್ಟು ಬೀಜಗಣಿತ ಮಾಡಿದರೆ ರಹಸ್ಯ ಸಂಖ್ಯೆ ಹೊರಬೀಳುತ್ತದೆ. 2010ರ ಡಿಸೆಂಬರ್‌ನಲ್ಲಿ ಬರ್ಲಿನ್‌ನ ಸಮ್ಮೇಳನವೊಂದರಲ್ಲಿ ಹ್ಯಾಕರ್‌ಗಳ ತಂಡವೊಂದು ಇದನ್ನು ತೋರಿಸಿತು. ಮುಂದಿನ ತಿಂಗಳು ಇನ್ನೊಂದು ಪ್ರಮುಖ ಕೀಲಿಸಂಖ್ಯೆ ಎಲ್ಲರಿಗೂ ಸಿಗುವಂತಾಯಿತು. ಯಂತ್ರದೊಳಗಿನ ಬೀಗ ಹೀಗೆ ಸಡಿಲವಾದಾಗ ತಯಾರಕರಿಗೆ ಸರ್ವರ್ ಇನ್ನಷ್ಟು ಭದ್ರವಾಗಿ ಕಂಡದ್ದು ಸಹಜ. 2011ರ ಫೆಬ್ರುವರಿಯಲ್ಲಿ ಬಂದ ಕ್ಯಾಪ್‌ಕಾಮ್‌ನ ಮತ್ತೊಂದು ಆ್ಯಕ್ಷನ್ ಆಟ ‘ಬಯೋನಿಕ್ ಕಮಾಂಡೊ ರೀಆರ್ಮ್ಡ್ 2’ ಕೂಡ ಪ್ಲೇಸ್ಟೇಷನ್‌ನಲ್ಲಿ ಸದಾ ಸಂಪರ್ಕ ಕೇಳುತ್ತಿತ್ತು.

ಆ ಏಪ್ರಿಲ್‌ನಲ್ಲಿ ಭದ್ರವೆಂದುಕೊಂಡ ಸರ್ವರೇ ಕುಸಿಯಿತು. ಯಾರೋ ಪ್ಲೇಸ್ಟೇಷನ್ ನೆಟ್‌ವರ್ಕ್‌ನೊಳಗೆ ನುಗ್ಗಿ ಸುಮಾರು 7.7 ಕೋಟಿ ಖಾತೆಗಳ ಮಾಹಿತಿಗೆ ಕೈ ಹಾಕಿದ್ದರು. ಏಪ್ರಿಲ್ 20ರಂದು ಸೋನಿ ಇಡೀ ಜಾಲವನ್ನು ಸ್ಥಗಿತಗೊಳಿಸಿತು. ಮರಳಿ ತೆರೆಯಲು ಶುರುಮಾಡಿದ್ದು ಮೇ ತಿಂಗಳ ಮಧ್ಯಭಾಗದಲ್ಲಿ. ಅಷ್ಟೂ ದಿನ ಡಿಸ್ಕ್ ಇಟ್ಟುಕೊಂಡವರು ತಮ್ಮ ಪಾಡಿಗೆ ಒಂಟಿಯಾಗಿ ಆಡುತ್ತಿದ್ದರು. ಮೇಯರ್ ಹ್ಯಾಗರ್ ಮಾತ್ರ ಬೀದಿಗಿಳಿಯುವಂತಿರಲಿಲ್ಲ. ಆಟದಲ್ಲಿ ದೋಷವಿರಲಿಲ್ಲ, ಯಂತ್ರವೂ ಸರಿಯಿತ್ತು, ಮನೆಯ ನೆಟ್ ಕೂಡ ಓಡುತ್ತಿತ್ತು. ‘ಈ ಕಾಲದಲ್ಲಿ ನೆಟ್ ಇಲ್ಲದವರು ಯಾರಿದ್ದಾರೆ’ ಎಂದು ವಾದಿಸುತ್ತಿದ್ದ ಗೇಮರ್‌ಗಳಿಗೂ ಆಗ ಒಂದು ವಿಷಯ ಮನದಟ್ಟಾಯಿತು: ಸಂಪರ್ಕಕ್ಕೆ ಎರಡು ತುದಿಗಳಿರುತ್ತವೆ, ಇನ್ನೊಂದು ತುದಿ ನಮ್ಮ ಹಿಡಿತದಲ್ಲಿಲ್ಲ.

ಅಷ್ಟಾದರೂ ಕನ್ಸೋಲ್ ಆಡುವವರಲ್ಲಿ ಹೆಚ್ಚಿನವರು ಇದನ್ನು ಕಂಪ್ಯೂಟರಿನವರ ಕಾಯಿಲೆ ಎಂದೇ ನೋಡುತ್ತಿದ್ದರು. ಅದಕ್ಕೆ ಕಾರಣವೂ ಇತ್ತು. 2012ರ ಮೇ ತಿಂಗಳಲ್ಲಿ ‘ಡಯಾಬ್ಲೊ 3’ ಆಟ ಸದಾ ಸಂಪರ್ಕದ ಷರತ್ತಿನೊಡನೆ ಕಂಪ್ಯೂಟರಿಗೆ ಬಂದ ದಿನ ಸರ್ವರ್‌ಗಳು ಜನಜಂಗುಳಿ ತಾಳದೆ ‘ಎರರ್ 37’ ಎಂಬ ಸಂದೇಶ ತೋರಿಸಿದವು, ಅದು ಗೇಮರ್‌ಗಳ ನಡುವೆ ಗಾದೆಯಷ್ಟು ಪ್ರಸಿದ್ಧವಾಯಿತು. ಮರುವರ್ಷ ಅದೇ ಆಟ ಕನ್ಸೋಲ್‌ಗೆ ಬಂದಾಗ ನೆಟ್ ಇಲ್ಲದೆಯೂ ಆಡಬಹುದಿತ್ತು.

ಈ ನಿಶ್ಚಿಂತೆಯನ್ನು ಕಲಕಿದ್ದು ಮೈಕ್ರೋಸಾಫ್ಟ್. 2013ರಲ್ಲಿ ಅದು ಎಕ್ಸ್‌ಬಾಕ್ಸ್ ಒನ್ ಕನ್ಸೋಲನ್ನು ಪ್ರಕಟಿಸಿದಾಗ, ಯಂತ್ರ 24 ಗಂಟೆಗೊಮ್ಮೆಯಾದರೂ ನೆಟ್‌ಗೆ ಸೇರಿ ಪರವಾನಗಿ ಖಚಿತಪಡಿಸಬೇಕು, ಇಲ್ಲದಿದ್ದರೆ ಆಟ ನಡೆಯದು ಎಂದಿತು. ಇದರ ಹಿಂದಿನ ತರ್ಕ ಅರ್ಥವಾಗದಂಥದ್ದಲ್ಲ. ಹೊಸ ಯಂತ್ರದಲ್ಲಿ ಆಟವನ್ನು ಡಿಸ್ಕ್‌ನಿಂದ ಒಮ್ಮೆ ಒಳಗೆ ಇಳಿಸಿಕೊಂಡರೆ ಮತ್ತೆ ಡಿಸ್ಕ್ ಬೇಡ. ಹಾಗಾದರೆ ಒಂದೇ ಡಿಸ್ಕ್‌ನಿಂದ ಹತ್ತು ಮನೆಗಳಲ್ಲಿ ಇಳಿಸಿಕೊಳ್ಳುವುದನ್ನು ತಡೆಯುವುದು ಹೇಗೆ? ಡಿಸ್ಕ್ ಬೀಗದ ಕೈಯಾಗಿ ಉಳಿಯದಿದ್ದರೆ ಆ ಕೆಲಸ ಸರ್ವರ್‌ನ ಪಾಲಾಗುತ್ತದೆ. ಪ್ರತಿಯಾಗಿ ಕೆಲವು ಅನುಕೂಲಗಳನ್ನೂ ಮೈಕ್ರೋಸಾಫ್ಟ್ ಮುಂದಿಟ್ಟಿತ್ತು. ನಿಮ್ಮ ಆಟದ ಸಂಗ್ರಹವನ್ನು ಕುಟುಂಬದ ಹತ್ತು ಜನರೊಡನೆ ಹಂಚಿಕೊಳ್ಳುವ ಯೋಜನೆ ಅದರಲ್ಲೊಂದು.

ಗೇಮರ್‌ಗಳು ಒಪ್ಪಲಿಲ್ಲ. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ವಿಭಾಗದ ಆಗಿನ ಮುಖ್ಯಸ್ಥ ಡಾನ್ ಮ್ಯಾಟ್ರಿಕ್, ನೆಟ್ ಇಲ್ಲದವರಿಗೆ ಹಳೆಯ ಎಕ್ಸ್‌ಬಾಕ್ಸ್ 360 ಇದೆಯಲ್ಲ ಎಂಬರ್ಥದ ಮಾತಾಡಿ ಉರಿಯುವ ಬೆಂಕಿಗೆ ತುಪ್ಪ ಸುರಿದರು. ಅದೇ ವರ್ಷದ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಇ3 ಮೇಳದ ವೇದಿಕೆಯಲ್ಲಿ ಸೋನಿ, ತನ್ನ ಪ್ಲೇಸ್ಟೇಷನ್ 4ಕ್ಕೆ ಇಂಥ ತಪಾಸಣೆ ಇಲ್ಲವೆಂದಾಗ ಸಭೆ ಎದ್ದು ಕೂಗಾಡಿತು. ಆಟವನ್ನು ಹಂಚಿಕೊಳ್ಳುವುದು ಹೇಗೆಂದು ತೋರಿಸುವ ಚಿಕ್ಕ ವಿಡಿಯೊ ಒಂದನ್ನೂ ಸೋನಿ ಬಿಟ್ಟಿತು, ಅದರಲ್ಲಿ ಒಬ್ಬ ಅಧಿಕಾರಿ ಡಿಸ್ಕನ್ನು ಪಕ್ಕದವನ ಕೈಗೆ ಕೊಡುತ್ತಾನೆ, ಅಷ್ಟೇ. ಜೂನ್ 19ಕ್ಕೆ ಮೈಕ್ರೋಸಾಫ್ಟ್ ನಿಯಮ ಹಿಂತೆಗೆದುಕೊಂಡಿತು. ಜೊತೆಗೆ ಹತ್ತು ಜನರ ಹಂಚಿಕೆಯೂ ಹೋಯಿತು, ಅದಕ್ಕಾಗಿ ಬೇಸರಪಟ್ಟ ಗೇಮರ್‌ಗಳೂ ಇದ್ದರು. ಪ್ರತಿಭಟಿಸಿದ ಬಹುಪಾಲು ಜನರ ಮನೆಯಲ್ಲಿ ನೆಟ್ ಇತ್ತು ಎಂಬುದನ್ನು ಮರೆಯಬಾರದು, ಅವರು ಪ್ರತಿಭಟಿಸಿದ್ದೇ ಅದರ ಮೂಲಕ. ಕೊಡುವ, ಮಾರುವ, ಎರವಲು ತರುವ ಹಕ್ಕು ಇನ್ನೊಬ್ಬರ ಅನುಮತಿಗೆ ಒಳಪಡುವುದು ಅವರಿಗೆ ಬೇಕಿರಲಿಲ್ಲ.

ಗೇಮರ್‌ಗಳು ಎಲ್ಲ ಬೀಗಗಳನ್ನೂ ದ್ವೇಷಿಸುತ್ತಾರೆ ಎಂದರೆ ಅದೂ ಸರಿಯಲ್ಲ. ಕಂಪ್ಯೂಟರ್ ಆಟಗಳ ದೊಡ್ಡ ಮಳಿಗೆ ಸ್ಟೀಮ್ ಕೂಡ ಖಾತೆಗೆ ಕಟ್ಟಿದ ಬೀಗವೇ. ಆದರೆ ಎಲ್ಲಿ ಬೇಕಾದರೂ ಇಳಿಸಿಕೊಳ್ಳಬಹುದು, ಆಫ್‌ಲೈನ್ ಆಡುವ ದಾರಿ ಇದೆ, ಬೆಲೆ ಆಗಾಗ ಇಳಿಯುತ್ತದೆ. ಕೊಟ್ಟದ್ದಕ್ಕಿಂತ ಪಡೆದದ್ದು ಹೆಚ್ಚೆನಿಸಿದಾಗ ಜನ ತಕರಾರು ಎತ್ತುವುದಿಲ್ಲ. ಬೀಗವೇ ಇಲ್ಲದೆ ಮಾರುವ ಪೋಲೆಂಡ್ ಮೂಲದ ಜಿಒಜಿ ಮಳಿಗೆಯೂ 2008ರಿಂದ ನಡೆದುಕೊಂಡು ಬಂದಿದೆ.

ಕಂಪನಿಗಳ ಭಯ ಸುಳ್ಳೇನೂ ಅಲ್ಲ. ದೊಡ್ಡ ಆಟವೊಂದರ ಗಳಿಕೆಯ ಹೆಚ್ಚಿನ ಪಾಲು ಮೊದಲ ಕೆಲವು ವಾರಗಳಲ್ಲೇ ಬರುತ್ತದೆ. ಆಸ್ಟ್ರಿಯಾದಲ್ಲಿ ಹುಟ್ಟಿದ ‘ಡೆನುವೊ’ ಎಂಬ ಬೀಗವಿರುವ ಆಟಗಳ ಮೇಲೆ 2024ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ, ಬಿಡುಗಡೆಯಾದ ಕೂಡಲೇ ಬೀಗ ಮುರಿದರೆ ಆದಾಯ ಸರಾಸರಿ ಶೇ 20ರಷ್ಟು ಕುಸಿಯುತ್ತದೆ. 12 ವಾರ ತಡೆದುಕೊಂಡರೆ ನಷ್ಟ ಹೆಚ್ಚುಕಡಿಮೆ ಸೊನ್ನೆ. ಆದರೆ ಬೀಗಕ್ಕೆ ಕೊಂಡವನೂ ಬೆಲೆ ತೆರುತ್ತಾನೆ. 2021ರ ‘ರೆಸಿಡೆಂಟ್ ಈವಿಲ್ ವಿಲೇಜ್’ ಕಂಪ್ಯೂಟರಿನಲ್ಲಿ ಹೊಡೆದಾಟದ ನಡುವೆ ತಡವರಿಸುತ್ತಿತ್ತು. ಬೀಗ ಮುರಿದ ಪ್ರತಿ ಸರಾಗವಾಗಿ ಓಡಿತು. ಕ್ಯಾಪ್‌ಕಾಮ್ ಆಮೇಲೆ ಬೀಗದ ತಂತ್ರಾಂಶವನ್ನು ತಿದ್ದಿ ಸರಿಪಡಿಸಿತು.

ಕಾನೂನು ಈ ವಿಷಯದಲ್ಲಿ ನಿಧಾನವಾಗಿ ಹೆಜ್ಜೆ ಇಡುತ್ತಿದೆ. ಭಾರತದ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು ಇಂಥ ಬೀಗ ಮುರಿಯುವುದನ್ನು ಎರಡು ವರ್ಷದವರೆಗಿನ ಜೈಲು ಶಿಕ್ಷೆಯ ಅಪರಾಧವಾಗಿಸಿದೆ. ಆದರೆ ಹಕ್ಕು ಉಲ್ಲಂಘಿಸುವ ಉದ್ದೇಶ ಇರಬೇಕೆಂಬ ಮಾತನ್ನೂ ಸೇರಿಸಿದೆ, ಅದು ವಿವೇಕದ ಮಾತು. ಕೊಂಡವರ ಹಕ್ಕಿನ ಪ್ರಶ್ನೆ ಬೇರೆ ದೇಶಗಳಲ್ಲಿ ಎದ್ದಿದೆ. ಯೂಬಿಸಾಫ್ಟ್ 2024ರ ಮಾರ್ಚ್ 31ರಂದು ‘ದಿ ಕ್ರೂ’ ಎಂಬ ಕಾರ್ ಆಟದ ಸರ್ವರ್ ಮುಚ್ಚಿದಾಗ ಆಟ ಪೂರ್ತಿ ನಿಷ್ಕ್ರಿಯವಾಯಿತು, ಡಿಸ್ಕ್ ಕೊಂಡವರದ್ದೂ ಸೇರಿ. ಆ ಸಿಟ್ಟಿನಿಂದ ಹುಟ್ಟಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಎಂಬ ಮನವಿಗೆ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದಿದೆ. ಪರವಾನಗಿಯನ್ನಷ್ಟೇ ಕೊಡುವಾಗ ಅದನ್ನು ಸ್ಪಷ್ಟಪಡಿಸದೆ ‘ಕೊಳ್ಳಿ’ ಎಂಬ ಗುಂಡಿ ಇಡುವಂತಿಲ್ಲ ಎಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಜಾರಿಯಲ್ಲಿದೆ.

ಬೀಗವೇ ಬೇಡ ಎನ್ನುವ ಗೇಮರ್‌ಗಳ ವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನೂರಾರು ಜನ ವರ್ಷಗಟ್ಟಲೆ ದುಡಿದು ಮಾಡಿದ್ದನ್ನು ಮೊದಲ ವಾರದಲ್ಲೇ ಕದ್ದು ಹಂಚುವುದನ್ನು ತಡೆಯುವ ಹಕ್ಕು ತಯಾರಕರಿಗಿದೆ. ಆದರೆ ಮೊದಲ ಮೂರು ತಿಂಗಳು ದಾಟಿದ ಮೇಲೆ ಬೀಗದಿಂದ ಲಾಭ ಹೆಚ್ಚೇನೂ ಉಳಿಯುವುದಿಲ್ಲ ಎಂದು ಅವರ ಪರವಾಗಿರುವ ಲೆಕ್ಕವೇ ಹೇಳುತ್ತಿರುವಾಗ, ಅದನ್ನು ಹತ್ತು ವರ್ಷ ಹಾಗೇ ಉಳಿಸಿಕೊಳ್ಳುವುದಕ್ಕೆ ಸಮರ್ಥನೆ ಕಾಣುವುದಿಲ್ಲ. ಬೀಗ ತೆಗೆಯುವುದು ಆಗದ ಮಾತಲ್ಲ. 2016ರ ಮೇ ತಿಂಗಳಲ್ಲಿ ಬಂದ ‘ಡೂಮ್’ ಆಟದ ಕಂಪ್ಯೂಟರ್ ಆವೃತ್ತಿಯಿಂದ ಅದರ ತಯಾರಕರು ಡೆನುವೊವನ್ನು ಅದೇ ಡಿಸೆಂಬರ್‌ನಲ್ಲಿ ತೆಗೆದುಹಾಕಿದರು. ಉಳಿದವರೂ ಬಿಡುಗಡೆಯ ದಿನವೇ ಬೀಗ ತೆಗೆಯುವ ತಾರೀಕನ್ನು ಪ್ರಕಟಿಸಬಹುದು.