ಜೇಬು ಖಾಲಿ ಮಾಡಿ ಕೂತುಕೊಳ್ಳಿ



ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಮಳೆ ನಿಂತ ಮೇಲೆ ಅಡಿಕೆ ಒಣಗಿಸಲು ಮೊದಲು ಅಂಗಳ ಆಗಬೇಕು. ಹುಲ್ಲು ಕೆತ್ತಿ, ಮಟ್ಟ ಮಾಡಿ, ಸೆಗಣಿ ಸಾರಿಸಿ, ಆಮೇಲೆ ಅಡಿಕೆ ಹರಡುವುದು. ಕಂಪ್ಯೂಟರಿನಲ್ಲಿ ತಂತ್ರಾಂಶ ಕಟ್ಟುವವರಿಗೂ ಇಂಥ ಒಂದು ಅಂಗಳ ಬೇಕು. ಅದೇ ಶುದ್ಧವಾದ ಶೆಲ್.

ಶೆಲ್ ಅಂದರೇನು? ತೆಂಗಿನಕಾಯಿ ನೆನಪು ಮಾಡಿಕೊಳ್ಳಿ. ಒಳಗೆ ತಿರುಳು, ಹೊರಗೆ ಗೆರಟೆ. ಲಿನಕ್ಸ್ ಕಂಪ್ಯೂಟರಿನ ತಿರುಳಿಗೆ ಕರ್ನಲ್ ಎಂದು ಹೆಸರು. ನಾವು ಟೈಪ್ ಮಾಡಿದ ಆಜ್ಞೆಯನ್ನು ಒಳಗೆ ಮುಟ್ಟಿಸುವ ಗೆರಟೆಯೇ ಶೆಲ್. ಇದರ ಜೇಬಿನಲ್ಲಿ ಯಾವಾಗಲೂ ಕೆಲವು ಚೀಟಿಗಳಿರುತ್ತವೆ: ಬಳಕೆದಾರನ ಮನೆ ಯಾವುದು, ಯಾವ ಭಾಷೆಯಲ್ಲಿ ಮಾತಾಡಬೇಕು, ಉಪಕರಣಗಳನ್ನು ಎಲ್ಲೆಲ್ಲಿ ಹುಡುಕಬೇಕು. ಇವೆಲ್ಲ ಸೇರಿ ಶೆಲ್ಲಿನ ‘ಪರಿಸರ’. ಹುಡುಕುವ ಚೀಟಿಯ ಹೆಸರು ‘ಪಾತ್’. “ಕತ್ತಿ ತಾ” ಎಂದರೆ ಮಗು ಮೊದಲು ಕೊಟ್ಟಿಗೆಯಲ್ಲಿ, ಆಮೇಲೆ ಬಚ್ಚಲಿನಲ್ಲಿ ಹುಡುಕಿ, ಮೊದಲು ಕಂಡದ್ದನ್ನೇ ತರುವುದಿಲ್ಲವೇ? ಶೆಲ್ಲೂ ಹಾಗೆಯೇ.

ಪುತ್ತೂರಿನಲ್ಲಿರುವ ನನ್ನ ಮೊಮ್ಮಗ ಅಡಿಕೆ ತೂಕದ ಲೆಕ್ಕಕ್ಕೆ ಒಂದು ಪುಟ್ಟ ತಂತ್ರಾಂಶ ಬರೆದು ಸುಳ್ಯದಲ್ಲಿರುವ ಮೊಮ್ಮಗಳಿಗೆ ಕಳಿಸಿದ. ಅವಳಲ್ಲಿ ಅದನ್ನು ಕಟ್ಟಲಿಕ್ಕೇ ಆಗಲಿಲ್ಲ. “ನನ್ನಲ್ಲಿ ಆಗ್ತದೆ” ಎಂದ ಇವನು. “ನೀನು ಸುಳ್ಳು ಹೇಳ್ತಿ” ಎಂದಳು ಅವಳು. ಎರಡು ದಿನ ಮಾತಿಲ್ಲ, ಫೋನಿಲ್ಲ.

ನಿಜ ಹೇಳಬೇಕೆಂದರೆ ಇಬ್ಬರದೂ ಸತ್ಯವೇ. ಇವನ ಕಂಪ್ಯೂಟರು ಇಂಗ್ಲಿಷಿನಲ್ಲಿದೆ. ಅವಳದು ಕನ್ನಡದಲ್ಲಿ. ತಂತ್ರಾಂಶ ಕಟ್ಟುವಾಗ ಇವನ ಆಜ್ಞೆಗಳು ತಾರೀಖನ್ನು ಕೇಳಿ, ಅದರಲ್ಲಿ ತಿಂಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕುತ್ತಿದ್ದವು. ಅವಳ ಶೆಲ್ಲು ಅಚ್ಚಗನ್ನಡದಲ್ಲಿ ‘ನವೆಂಬರ್’ ಎಂದು ಉತ್ತರ ಕೊಡುತ್ತಿತ್ತು! ತಪ್ಪು ಕನ್ನಡದ್ದಲ್ಲ, ಇಂಗ್ಲಿಷಿನದೂ ಅಲ್ಲ. ಜೇಬಿನಲ್ಲಿದ್ದ ಭಾಷೆಯ ಚೀಟಿ ಯಾರ ಲೆಕ್ಕಕ್ಕೂ ಬಂದಿರಲಿಲ್ಲ, ಅಷ್ಟೆ.

ಮದ್ದು ಸುಲಭದ್ದು. 1999ರಲ್ಲಿ ಗೆರಾರ್ಡ್ ಬೀಕ್‌ಮನ್ಸ್ ಎಂಬವರು ‘ಲಿನಕ್ಸ್ ಫ್ರಮ್ ಸ್ಕ್ರ್ಯಾಚ್’ ಎಂಬ ಕೆಲಸ ಶುರು ಮಾಡಿದರು. ಇಡೀ ಲಿನಕ್ಸನ್ನು ನಾವೇ ಬುಡದಿಂದ ಕಟ್ಟುವ ಪಾಠ ಅದು. ಅದರ ಪುಸ್ತಕ ಹೇಳುವ ಕ್ರಮ ಹೀಗಿದೆ. ಮೊದಲು, ಈ ಕೆಲಸಕ್ಕೆಂದೇ ಹೊಸ ಬಳಕೆದಾರನ ಖಾತೆ ತೆರೆಯಿರಿ. ಎರಡನೆಯದು, ‘ಎನ್ವ್’ ಎಂಬ ಆಜ್ಞೆಗೆ ಒಂದು ಅಡ್ಡಗೆರೆ ಮತ್ತು ‘ಐ’ ಅಕ್ಷರ ಸೇರಿಸಿ ಶೆಲ್ ತೆರೆಯಿರಿ. ಹಳೆಯ ಚೀಟಿಗಳೆಲ್ಲ ಹೊರಗೆ! ಮನೆ, ಪರದೆಯ ಜಾತಿ, ಆಜ್ಞೆಗೆ ಕಾಯುವ ಗುರುತು, ಈ ಮೂರೇ ಒಳಗೆ. ಮೂರನೆಯದು, ಬೇಕಾದ ಭಾಷೆ, ಬೇಕಾದ ಪಾತ್ ಇವನ್ನು ನಿಮ್ಮ ಕೈಯಾರೆ ಬರೆಯಿರಿ. ಮೊಮ್ಮಗಳು ಹೀಗೆ ಮಾಡಿದಳು, ತಂತ್ರಾಂಶ ಮೊದಲ ಸಲಕ್ಕೇ ಕಟ್ಟಿಕೊಂಡಿತು. ಫೋನೂ ಬಂತು, ಜಗಳವೂ ಮುಗಿಯಿತು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಕ್ಯಾಶ್ ಕೌಂಟರಿನಲ್ಲಿ ಕೂರುವ ಮೊದಲು ನಮ್ಮ ಸ್ವಂತ ಜೇಬಿನಲ್ಲಿ ಎಷ್ಟು ಹಣವಿದೆ ಎಂದು ಪುಸ್ತಕದಲ್ಲಿ ಬರೆಯಬೇಕಿತ್ತು. ಹೊಸಬರಿಗೆ ಅದು ಅವಮಾನದಂತೆ ಕಾಣುತ್ತಿತ್ತು. ನಿಜಕ್ಕೂ ಅದು ರಕ್ಷಣೆ. ಸಂಜೆ ಲೆಕ್ಕ ತಾಳೆಯಾಗದಿದ್ದರೆ ಒಬ್ಬರ ಮುಖವನ್ನು ಒಬ್ಬರು ಅನುಮಾನದಿಂದ ನೋಡಬೇಕಾಗುತ್ತಿರಲಿಲ್ಲ. ಯಾವುದು ಬ್ಯಾಂಕಿನದು, ಯಾವುದು ನಮ್ಮದು ಎಂಬುದು ಬೆಳಿಗ್ಗೆಯೇ ಕಾಗದದ ಮೇಲೆ ಇರುತ್ತಿತ್ತು.

ಶುದ್ಧ ಶೆಲ್ ಕೂಡ ಅಂಥ ಪುಸ್ತಕವೇ. “ನನ್ನಲ್ಲಿ ಆಗ್ತದೆ” ಎಂಬ ಮಾತು ಒಬ್ಬರ ಮನೆಯ ಸತ್ಯ. ಜೇಬು ಖಾಲಿ ಮಾಡಿ ಕಟ್ಟಿದ ಮೇಲೂ ಆದರೆ ಅದನ್ನು ನೆರೆಮನೆಯವರೂ ನಂಬಬಹುದು.

ಈ ವಾರ ಒಂದು ಕೆಲಸ ಮಾಡಿ, ಮಕ್ಕಳೇ. ಮನೆಯಲ್ಲಿ ಲಿನಕ್ಸ್ ಇದ್ದರೆ ಶೆಲ್ ತೆರೆದು ‘ಎನ್ವ್’ ಎಂದಷ್ಟೇ ಟೈಪ್ ಮಾಡಿ. ಜೇಬಿನಲ್ಲಿ ಎಷ್ಟು ಚೀಟಿಗಳಿವೆ ಎಂದು ಅಜ್ಜನಿಗೋ ಅಜ್ಜಿಗೋ ಎಣಿಸಿ ತೋರಿಸಿ.