ಮರವೋ, ಫೈಬರೋ, ಉಕ್ಕೋ: ಮೀನುಗಾರಿಕಾ ಬೋಟಿನ ನಿಜವಾದ ಬೆಲೆ

ರಾಜ್ಯದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಲ್ಪೆ, ಮಂಗಳೂರು, ಗಂಗೊಳ್ಳಿಗಳಲ್ಲಿ ಈ 61 ದಿನಗಳು ದುರಸ್ತಿಯ ಕಾಲ. ಬೋಟು ಕೊಡುಕೊಳ್ಳುವ ಮಾತುಕತೆಗೂ ಅದೇ ಬಿಡುವು. ಚರ್ಚೆ ಎಂಜಿನ್‌ನ ಅಶ್ವಶಕ್ತಿ ಮತ್ತು ಬೆಲೆಯ ಸುತ್ತಲೇ ಸುತ್ತುವುದು ಸಹಜ. ಆದರೆ ಮುಂದಿನ ವರ್ಷಗಳ ಖರ್ಚನ್ನು ನಿರ್ಧರಿಸುವುದು ಬಹುಮಟ್ಟಿಗೆ ನೀರಿನಲ್ಲಿ ಮುಳುಗಿರುವ ಒಡಲು.

ಮರದ ಬೋಟಿನಲ್ಲಿ ಕೆಟ್ಟ ಹಲಗೆಯನ್ನಷ್ಟೇ ಕಿತ್ತು ಬದಲಿಸಬಹುದು. ಆದರೆ ಸಾಗುವಾನಿ, ಹೆಬ್ಬಲಸಿನಂತಹ ಮರಗಳು ದುಬಾರಿ. ಮರ ಕೊರೆಯುವ ಕಡಲ ಹುಳು ಒಳಗೊಳಗೇ ಸುರಂಗ ತೋಡುತ್ತದೆ. ಹೊರಗೆ ಸೂಜಿಮೊನೆಯಷ್ಟು ತೂತು ಮಾತ್ರ ಕಾಣುತ್ತದೆ.

ಗಾಜಿನ ನಾರು ಮತ್ತು ರಾಳದಿಂದ ರೂಪುಗೊಳ್ಳುವ ಫೈಬರ್ ಒಡಲಿಗೆ ಹುಳುವೂ ಇಲ್ಲ, ತುಕ್ಕೂ ಇಲ್ಲ. ಹಗುರವಾದ್ದರಿಂದ ಇಂಧನದಲ್ಲಿ ಉಳಿತಾಯವಿದೆ. ನಾಡದೋಣಿಗಳಲ್ಲಿ ಅದು ವ್ಯಾಪಕವಾಗಿರುವುದಕ್ಕೆ ಇದೇ ಕಾರಣ. ಇಲ್ಲಿ ತೊಡಕಿರುವುದು ಕೆಲಸದ ಗುಣಮಟ್ಟದಲ್ಲಿ. ಪದರಗಳು ಕಡಿಮೆಯಾದರೂ, ರಾಳ ಸರಿಯಾಗಿ ಹೀರಿಕೊಳ್ಳದಿದ್ದರೂ ಮೇಲಿನ ಹೊಳಪು ಎಲ್ಲವನ್ನೂ ಮುಚ್ಚಿಡುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಸದ್ದು ಟೊಳ್ಳಾಗಿ ಕೇಳಿಸಿದರೆ ಪದರಗಳು ಬಿಟ್ಟಿರುವ ಸಂಶಯ ಬರಬೇಕು. ಬಳಕೆ ಮುಗಿದ ಫೈಬರನ್ನು ಉಕ್ಕಿನಂತೆ ಗುಜರಿಗೆ ಮಾರಲೂ ಆಗದು.

ದಿನಗಟ್ಟಲೆ ಆಳ ಸಮುದ್ರದಲ್ಲಿರುವ ದೊಡ್ಡ ಬೋಟುಗಳಿಗೆ ಉಕ್ಕು ಹೆಚ್ಚು ಒಪ್ಪುತ್ತದೆ. ಬಲವಾದ ಹೊಡೆತ ಬಿದ್ದರೆ ಅದು ಬಿರಿಯುವ ಬದಲು ತಗ್ಗುವ ಸಾಧ್ಯತೆಯೇ ಹೆಚ್ಚು. ಬೆಸುಗೆ ಹಾಕುವವರೂ ಬಂದರಿನಲ್ಲೇ ಸಿಗುತ್ತಾರೆ. ಆದರೆ ಭಾರ ಹೆಚ್ಚಿದಷ್ಟೂ ಡೀಸೆಲ್ ಹೆಚ್ಚು ಉರಿಯುತ್ತದೆ. ಒಡಲಿಗೆ ಅಂಟಿಸುವ ಸತುವಿನ ತುಂಡುಗಳು ಉಕ್ಕಿನ ಬದಲು ತಾವು ಸವೆದು ಹೊರಮೈಯನ್ನು ಕಾಯುತ್ತವೆ. ಅಪಾಯಕಾರಿ ತುಕ್ಕು ಹಿಡಿಯುವುದು ಒಳಗೆ, ಐಸು ಮತ್ತು ಮೀನು ತುಂಬುವ ಕೋಣೆಯ ತಳದಲ್ಲಿ, ಕಣ್ಣು ತಲುಪದ ಕಡೆ. ಹಳೆಯ ಉಕ್ಕಿನ ಬೋಟು ಕೊಳ್ಳುವವರು ಬಣ್ಣ ನೋಡುವುದಲ್ಲ, ಅಲ್ಟ್ರಾಸಾನಿಕ್ ಮಾಪಕದಿಂದ ತಗಡಿನ ದಪ್ಪವನ್ನು ಅಳೆಸಬೇಕು. ಬೋಟಿನ ಬೆಲೆಯೆದುರು ಆ ಖರ್ಚು ಏನೇನೂ ಅಲ್ಲ.

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯು ಸಾಂಪ್ರದಾಯಿಕ ಮೀನುಗಾರರ ಆಳ ಸಮುದ್ರ ಹಡಗುಗಳಿಗೆ ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರು ಹಾಗೂ ಪರಿಶಿಷ್ಟರಿಗೆ ಶೇ 60ರಷ್ಟು ನೆರವನ್ನು ನಿಗದಿಪಡಿಸಿತು. 2023ರಲ್ಲಿ ರಾಜ್ಯ ಸರ್ಕಾರ ತೆರಿಗೆರಹಿತ ಡೀಸೆಲ್‌ನ ವಾರ್ಷಿಕ ಮಿತಿಯನ್ನು 1.5 ಲಕ್ಷ ಕಿಲೋಲೀಟರಿನಿಂದ 2 ಲಕ್ಷಕ್ಕೆ ಏರಿಸಿತು. ಕೊಳ್ಳುವ ದಿನಕ್ಕೂ ಓಡಿಸುವ ದಿನಕ್ಕೂ ಹೀಗೆ ಆಸರೆಯಿದೆ. ಇವೆರಡರ ನಡುವೆ, ಹತ್ತು ವರ್ಷ ಉಪ್ಪುನೀರು ಕುಡಿದ ಒಡಲಿನ ತಪಾಸಣೆ ಮಾತ್ರ ಮಾಲೀಕನ ವಿವೇಚನೆ ಮತ್ತು ಜೇಬಿಗೆ ಬಿಟ್ಟ ವಿಷಯ. ಅದು ತಪ್ಪಿದಾಗ ನಡುಗಡಲಿನಲ್ಲಿ ಪಂಪು ಹಿಡಿದು ನೀರೆತ್ತುವವರು ತಂಡೇಲನೂ ಕಲಾಸಿಗಳೂ.